ಹಿಂದಿನ ಸೀಟಿನಿಂದ ಶುರು ಮಾಡಿ: ಟಿಟಿ ವ್ಯಾನನ್ನು ಹಿತವಾಗಿಸುವ ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ಮನೆಯವರೆಲ್ಲ ಸೇರಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದೆವು. ನಮ್ಮದೇ ಟಿಟಿ (ಟೆಂಪೋ ಟ್ರಾವೆಲರ್ ವ್ಯಾನು), ನಾನೇ ಡ್ರೈವರ್. ಮಂಡ್ಯ ಬಿಟ್ಟು ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದ ಹತ್ತಿರ ಟೀಗೆ ನಿಲ್ಲಿಸಿದೆ. ಕೊನೇ ಸಾಲಿನಲ್ಲಿದ್ದ ಅಜ್ಜಿಗೆ ಎದ್ದು ಇಳಿಯಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಕೈ ಹಿಡಿದು ಇಳಿಸಿದೆ. "ಮಗಾ, ನೀನು ಮುಂದ್ಗಡೆ ಕುಂತಿರ್ತೀಯ, ನಿಂಗೇನ್ ಗೊತ್ತಾದದು? ಒಂದ್ ಸಲ ಹಿಂದ್ಗಡೆ ಕುಂತ್ಕಂಡ್ ನೋಡು" ಅಂದರು.

ಮುಂದಿನ ಭಾನುವಾರ ಅಣ್ಣನ ಕೈಗೆ ಸ್ಟೇರಿಂಗ್ ಕೊಟ್ಟು ನಾನು ಕೊನೇ ಸಾಲಿನಲ್ಲಿ ಕೂತೆ. ಮಂಡ್ಯದಿಂದ ನಾಗಮಂಗಲಕ್ಕೆ ಹೋಗಿ ಬಂದೆವು. ಪ್ರತಿ ಹಂಪ್ಸಿನಲ್ಲೂ ಸೀಟಿನಿಂದ ಮೇಲೆ ಎದ್ದೆ. ಹೊಗೆ ವಾಸನೆ ಬಂತು. ಎಸಿ ಗಾಳಿ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಅಷ್ಟು ದಿನ ಆ ಸಾಲಿನಲ್ಲಿ ಕೂತವರೆಲ್ಲ ಇದನ್ನು ಸಹಿಸಿಕೊಂಡಿದ್ದರು. ಅವತ್ತಿನಿಂದ ನಾವು ಒಂದೊಂದೇ ಸರಿ ಮಾಡುತ್ತಾ ಬಂದ ಕೆಲಸ, ನಡುವೆ ಮಾಡಿದ ತಪ್ಪು, ಎರಡನ್ನೂ ಇಲ್ಲಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಟಿಟಿ ಹಿತವಾಗಬೇಕು ಅಂದ ಕೂಡಲೇ ಎಲ್ಲರೂ ಹೊಸ ಸೀಟು, ಬಣ್ಣದ ಲೈಟು, ದೊಡ್ಡ ಟಿವಿ ಕಡೆ ಹೋಗುತ್ತಾರೆ. ಅದು ತಲೆಕೆಳಗಾದ ಕ್ರಮ. ಮೊದಲು ಟೈರು, ಆಮೇಲೆ ಕಮಾನು ಪಟ್ಟಿ (ಗಾಡಿಯ ಭಾರ ಹೊರುವ ಉಕ್ಕಿನ ಲೀಫ್ ಸ್ಪ್ರಿಂಗ್), ಆಮೇಲೆ ಗಾಳಿ ಮತ್ತು ಸೆಕೆ, ಸದ್ದು, ಕೊನೆಗೆ ಸೀಟು. ಕುಲುಕುವ ಗಾಡಿಗೆ ಎಷ್ಟು ಮೆತ್ತನೆ ಸೀಟು ಹಾಕಿಸಿದರೂ ಅದು ಕುಲುಕುತ್ತಲೇ ಇರುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ನಮ್ಮ ಕಡೆ ಟಿಟಿ ಅಂದರೆ ಟೆಂಪೋ ಟ್ರಾವೆಲರ್. 1987ರಲ್ಲಿ ಬಜಾಜ್ ಟೆಂಪೋ ಕಂಪನಿ ತಂದ ಗಾಡಿ ಇದು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಆಯಿತು, ಜನರ ಬಾಯಲ್ಲಿ ಟಿಟಿ ಮಾತ್ರ ಹಾಗೇ ಉಳಿಯಿತು. 2007ರಲ್ಲಿ ಬಂದ ಟಾಟಾ ವಿಂಗರ್ ಬೇರೆ ರೀತಿಯದು. ಅದರಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಕಾರಿನ ಹಾಗೆ ಬಾಡಿ ಮತ್ತು ಚಾಸಿ ಒಂದೇ. ನಾನು ಬರೆಯುತ್ತಿರುವುದು ಹೆಚ್ಚಾಗಿ ಟಿಟಿ ಬಗ್ಗೆ. ಆದರೂ ಟೈರು, ಎಸಿ, ಸೀಟಿನ ಮಾತು ಎಲ್ಲದಕ್ಕೂ ಸರಿಹೊಂದುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದರೆ ಪೇಂಟು ನೋಡುವ ಮೊದಲು ಪಕ್ಕದಲ್ಲಿ ನಿಂತು ಹಿಂದಿನ ಚಕ್ರ ಎಲ್ಲಿದೆ, ಕೊನೇ ಸಾಲು ಎಲ್ಲಿದೆ ನೋಡಿ. ಕೊನೇ ಸೀಟು ಚಕ್ರದಿಂದ ಹಿಂದಕ್ಕೆ ಹೋದಷ್ಟೂ ಎತ್ತಾಟ ಜಾಸ್ತಿ. ಎತ್ತಿನ ಗಾಡಿಯ ಹಿಂದಿನ ತುದಿಯಲ್ಲಿ ಕೂತವರಿಗೆ ಇದು ಗೊತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ವೀಲ್‌ಬೇಸ್ ಅನ್ನುತ್ತಾರೆ. ಟ್ರಾವೆಲರ್‌ನಲ್ಲಿ 3350 ಮಿ.ಮೀ., 4020 ಮಿ.ಮೀ. ಹೀಗೆ ಬೇರೆ ಬೇರೆ ಉದ್ದದವು ಇವೆ. ಈ ಅಂತರ ಉದ್ದವಿದ್ದರೆ ಗಾಡಿ ಮುಂದೆ ಹಿಂದೆ ತೂಗುವುದು ಕಡಿಮೆ. ಆದರೆ ಹಳ್ಳಿ ಓಣಿಯಲ್ಲಿ ತಿರುಗಿಸುವುದು ಕಷ್ಟ. ನಿಮ್ಮ ಮನೆ ಹತ್ತಿರದ ರಸ್ತೆ ನೋಡಿ ತೀರ್ಮಾನ ಮಾಡಿ.

ಕಾಗದಪತ್ರದ ಮಾತು ಚುಟುಕಾಗಿ ಹೇಳುತ್ತೇನೆ. ಆರ್‌ಸಿಯಲ್ಲಿ ಬರೆದಿರುವ ಸೀಟುಗಳನ್ನೂ ಗಾಡಿಯೊಳಗಿನ ಸೀಟುಗಳನ್ನೂ ಎಣಿಸಿ ತಾಳೆ ನೋಡಿ. ಹಳದಿ ಬೋರ್ಡ್ ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವತ್ತಿನವರೆಗೆ ಇದೆ ಕೇಳಿ. ಗಾಡಿಗೆ ಎಂಟು ವರ್ಷ ಆಗುವ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಸುಮ್ನೆ ಬದಲಿಸುವಂತಿಲ್ಲ. ಸೀಟು ಜಾಸ್ತಿ ಮಾಡುವುದು, ಬಾಡಿ ಉದ್ದ ಮಾಡುವುದು, ಬಣ್ಣ ಬದಲಿಸುವುದು ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇದನ್ನು. ಲೈಸೆನ್ಸ್ ವಿಚಾರದಲ್ಲಿ ಒಂದು ಸಮಾಧಾನ ಇದೆ. ಒಟ್ಟು ತೂಕ 7500 ಕಿಲೋ ಒಳಗಿನ ಹಳದಿ ಬೋರ್ಡ್ ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇರುವವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಹೆಜ್ಜೆ 1: ಹಿಂದೆ ಕೂತು ಬರೆದುಕೊಳ್ಳಿ

ದುಡ್ಡು ಖರ್ಚು ಮಾಡುವ ಮೊದಲು ಒಂದು ದಿನ ಇದಕ್ಕೆ ಕೊಡಿ. ಗಾಡಿಯನ್ನು ಬೇರೆಯವರು ಓಡಿಸಲಿ, ನೀವು ಕೊನೇ ಸಾಲಿನಲ್ಲಿ ಕೂರಿ. ಕೈಯಲ್ಲಿ ಒಂದು ನೋಟ್‌ಬುಕ್ಕು, ಅರ್ಧ ನೀರಿರುವ ಬಾಟಲಿ, ಸಾಧ್ಯವಾದರೆ ಒಂದು ಥರ್ಮಾಮೀಟರ್. ಎರಡು ಬಗೆಯ ರಸ್ತೆ ಬೇಕು. ಒಂದು, ಮಂಡ್ಯದಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ಎಕ್ಸ್‌ಪ್ರೆಸ್‌ವೇ. ಇನ್ನೊಂದು, ಹಂಪ್ಸು, ಗುಂಡಿ, ಕಬ್ಬಿನ ಟ್ರ್ಯಾಕ್ಟರ್ ಎಲ್ಲ ಇರುವ ಒಳರಸ್ತೆ.

ಹಂಪ್ಸನ್ನು ನಿಧಾನವಾಗಿ, ಗಂಟೆಗೆ 15ರಿಂದ 20 ಕಿ.ಮೀ. ವೇಗದಲ್ಲಿ ದಾಟಿಸಲು ಹೇಳಿ. ಹಿಂದಿನ ಚಕ್ರ ಇಳಿದ ಮೇಲೆ ಗಾಡಿ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಣಿಸಿ. ಒಮ್ಮೆ ಇಳಿದು ಎದ್ದು ನಿಂತುಬಿಟ್ಟರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ. ಎರಡು ಮೂರು ಸಲ ತೂಗಿದರೆ ಅದರ ಕೆಲಸ ಮುಗಿದಿದೆ. ತೂಗದೆ ಸುಮ್ನೆ ಟಣ್ ಅಂತ ಬೆನ್ನಿಗೆ ಹೊಡೆದರೆ ಟೈರಿನ ಗಾಳಿ ಜಾಸ್ತಿ ಇದೆ, ಅಥವಾ ಕಮಾನು ಪಟ್ಟಿ ಬಿಗಿದುಕೊಂಡಿದೆ. ಈ ಎರಡು ತೊಂದರೆಗಳಿಗೆ ಔಷಧಿ ಬೇರೆ ಬೇರೆ. ಗ್ಯಾರೇಜಿಗೆ ಹೋಗಿ "ಗಾಡಿ ಎತ್ತಾಕ್ತದೆ" ಅಂತ ಮಾತ್ರ ಹೇಳಿದರೆ ಮೆಕ್ಯಾನಿಕ್ ಊಹೆ ಮಾಡಬೇಕಾಗುತ್ತದೆ.

ಹೆಜ್ಜೆ 2: ತೂಕ ಹಾಕಿಸಿ

ಇದನ್ನು ಯಾರೂ ಮಾಡುವುದಿಲ್ಲ. ಮಂಡ್ಯದಲ್ಲಿ ಇದು ತುಂಬಾ ಸುಲಭ, ಯಾಕಂದ್ರೆ ಕಬ್ಬಿನ ಸೀಮೆಯಲ್ಲಿ ವೇ ಬ್ರಿಡ್ಜಿಗೆ ಬರವಿಲ್ಲ. ಖಾಲಿ ಗಾಡಿ ಒಮ್ಮೆ, ಜನ ಮತ್ತು ಲಗೇಜು ತುಂಬಿದ ಗಾಡಿ ಒಮ್ಮೆ ತೂಕ ಹಾಕಿಸಿ. ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಇನ್ನೊಮ್ಮೆ. ಬಂದ ಅಂಕಿಯನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆ ಹೋಲಿಸಿ.

ಲೆಕ್ಕ ಹೀಗೆ. 13 ಜನ, ತಲೆಗೆ 65 ಕಿಲೋ ಅಂದರೆ 845 ಕಿಲೋ. ತಲೆಗೆ 15 ಕಿಲೋ ಲಗೇಜು ಅಂದರೆ 195. ಒಟ್ಟು 1040 ಕಿಲೋ. ಇದರ ಮೇಲೆ ಪಾತ್ರೆ, ಗ್ಯಾಸ್ ಸ್ಟೌ, ಅಕ್ಕಿ ಮೂಟೆ ಅಂತ ದೇವರ ಕಾರ್ಯಕ್ಕೆ ಹೊರಟವರು ಇನ್ನಷ್ಟು ಹೇರುತ್ತಾರೆ. ಅದರಲ್ಲೂ ಮುಕ್ಕಾಲು ಪಾಲು ಕ್ಯಾರಿಯರ್ ಮೇಲೆ ಅಥವಾ ಹಿಂದಿನ ಡಿಕ್ಕಿಯಲ್ಲಿ. ಮೇಲೆ ಭಾರ ಹಾಕಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ತುದಿಯಲ್ಲಿ ಹಾಕಿದರೆ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ, ಸ್ಟೇರಿಂಗ್ ಹಿಡಿತ ಕಡಿಮೆಯಾಗುತ್ತದೆ. ಭಾರದ ಸಾಮಾನು ಎರಡು ಚಕ್ರಗಳ ನಡುವೆ, ಸೀಟಿನ ಕೆಳಗೆ. ಮೇಲೆ ಹಾಸಿಗೆ, ಬಟ್ಟೆ ಗಂಟು ಮಾತ್ರ.

ಹೆಜ್ಜೆ 3: ಟೈರು

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಹಿತ ಸಿಗುವುದು ಇಲ್ಲಿ. ನಮ್ಮ ಗಾಡಿಗೆ ಎಷ್ಟು ಗಾಳಿ ಬೇಕು ಅಂತ ಬಂಕಿನ ಹುಡುಗನನ್ನು ಕೇಳಬೇಡಿ. ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಖಾಲಿಗೆ ಮತ್ತು ಲೋಡಿಗೆ ವ್ಯತ್ಯಾಸ ಕೊಟ್ಟಿದ್ದರೆ ಅದನ್ನೂ ಪಾಲಿಸಿ. ಲೋಡಿಗೆ ಹಾಕಿದ ಗಾಳಿಯಲ್ಲೇ ನಾಲ್ಕು ಜನರನ್ನು ಕೂರಿಸಿಕೊಂಡು ಹೋದರೆ ಟೈರು ಕಲ್ಲಿನ ಹಾಗಿರುತ್ತದೆ.

ಗಾಳಿ ನೋಡುವುದು ಬೆಳಗ್ಗೆ, ಗಾಡಿ ಓಡುವ ಮೊದಲು. ಓಡಿದ ಮೇಲೆ ಟೈರು ಬಿಸಿಯಾಗಿ ಒತ್ತಡ ಏರುತ್ತದೆ. ಆಗ ಜಾಸ್ತಿ ತೋರಿಸಿತು ಅಂತ ಗಾಳಿ ಬಿಟ್ಟರೆ ಮಾರನೇ ದಿನ ಕಡಿಮೆಯಾಗಿರುತ್ತದೆ. ಗಾಳಿ ಕಡಿಮೆಯಾದ ಟೈರು ಬಿಸಿಯೇರಿ ಎಕ್ಸ್‌ಪ್ರೆಸ್‌ವೇಯಲ್ಲಿ ಸಿಡಿಯಬಹುದು. ಒಂದು ಒಳ್ಳೆ ಗೇಜ್ ಕೊಂಡು ಗಾಡಿಯಲ್ಲೇ ಇಡಿ. ಸ್ಟೆಪ್ನಿಗೂ ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ನಮ್ಮಲ್ಲಿ ಗಾಡಿ ಕಡಿಮೆ ಓಡಿಸುವವರ ಟೈರು ಸವೆಯುವ ಮೊದಲೇ ಹಳೆಯದಾಗುತ್ತದೆ. ಬಟನ್ (ಟೈರಿನ ಮೇಲಿನ ಉಬ್ಬು) ಚೆನ್ನಾಗಿ ಕಾಣುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬಟನ್ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ಬದಲಿಸುವಾಗ ಕಂಪನಿ ಹೇಳಿದ ಅಳತೆ ಮತ್ತು ಭಾರ ಹೊರುವ ಅಂಕಿಯದ್ದೇ ಆಗಬೇಕು. ಮೆತ್ತಗಿರುತ್ತದೆ ಅಂತ ಕಾರಿನ ಟೈರು ಹಾಕಿಸುವುದು ಅಪಾಯ, ಅದಕ್ಕೆ ಈ ಭಾರ ತಡೆಯುವ ಶಕ್ತಿ ಇಲ್ಲ.

ಹಳದಿ ಬೋರ್ಡ್ ಟಿಟಿಗೆ ವೇಗ 80 ಕಿ.ಮೀ. ದಾಟದ ಹಾಗೆ ತಡೆಯುವ ಸ್ಪೀಡ್ ಗವರ್ನರ್ ಇರುತ್ತದೆ. 70ರಿಂದ 80ರ ನಡುವೆ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸ್ ಮಾಡಿಸಿ. ಒಂದು ಪಕ್ಕಕ್ಕೆ ಎಳೆದರೆ ಮೊದಲು ಗಾಳಿ, ಆಮೇಲೆ ಅಲೈನ್‌ಮೆಂಟ್. ಟೈರಿನ ಮೇಲೆ ಕೈಯಾಡಿಸಿದಾಗ ಹಳ್ಳ ದಿಣ್ಣೆ ಸಿಕ್ಕರೆ ಹೆಚ್ಚಿನ ಸಲ ಶಾಕ್ ಅಬ್ಸಾರ್ಬರ್ ಸೋತಿರುತ್ತದೆ.

ಹೆಜ್ಜೆ 4: ಕಮಾನು ಪಟ್ಟಿ ಮತ್ತು ಶಾಕ್ ಅಬ್ಸಾರ್ಬರ್

ನಾವು ಎಡವಿದ್ದು ಇಲ್ಲೇ. ಹಿಂಭಾಗ ಕುಸಿಯುತ್ತಿದೆ ಅಂತ ಒಂದು ಗ್ಯಾರೇಜಿಗೆ ಒಯ್ದೆವು. "ಒಂದು ಪಟ್ಟಿ ಜಾಸ್ತಿ ಹಾಕ್ಸಿ, ಸರಿಹೋಗ್ತದೆ" ಅಂದರು. ಹಾಕಿಸಿದೆವು. ಗಾಡಿ ಎತ್ತರವಾಗಿ ನೆಟ್ಟಗೆ ನಿಂತಿತು, ನಮಗೂ ಖುಷಿ. ಆದರೆ ಓಡಿಸಿದಾಗ ಅಜ್ಜಿಯ ಸೀಟು ಮೊದಲಿಗಿಂತ ಕೆಟ್ಟದಾಗಿತ್ತು. ಕಾರಣ ಸರಳ. ಪಟ್ಟಿ ಜಾಸ್ತಿಯಾದರೆ ಸ್ಪ್ರಿಂಗ್ ಗಡಸಾಗುತ್ತದೆ. ಲಾರಿಯ ಹಾಗೆ ಯಾವಾಗಲೂ ಲೋಡು ಇದ್ದರೆ ಅದು ಬಾಗುತ್ತದೆ. ನಮ್ಮದು ಹೆಚ್ಚಿನ ದಿನ ಆರೇಳು ಜನರ ಓಡಾಟ. ಬಾಗಲು ಬೇಕಾದ ಭಾರವೇ ಇಲ್ಲದಿದ್ದರೆ ಗುಂಡಿಯ ಏಟು ನೇರವಾಗಿ ಸೊಂಟಕ್ಕೆ. ಆ ಪಟ್ಟಿ ತೆಗೆಸಿ, ಮೊದಲಿಂದ ಮಾಡಿಸಿದೆವು.

ಸರಿಯಾದ ಕ್ರಮ ಇದು. ಮೊದಲು ಕಮಾನು ಇಳಿಸಿ ಬಿಚ್ಚಿಸಿ. ಪಟ್ಟಿಗಳ ನಡುವೆ ತುಕ್ಕು, ಕೆಸರು ಸೇರಿದ್ದರೆ ಅವು ಒಂದರ ಮೇಲೊಂದು ಜಾರುವುದಿಲ್ಲ, ಇಡೀ ಕಟ್ಟು ಒಂದೇ ದಪ್ಪ ಕಬ್ಬಿಣದ ಹಾಗೆ ವರ್ತಿಸುತ್ತದೆ. ಉಜ್ಜಿ ತೊಳೆದು ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಜೋಡಿಸಬೇಕು. ಬಿರುಕು ಬಿಟ್ಟ ಪಟ್ಟಿ ಇದ್ದರೆ ಬದಲಿಸಿ. ಬೆಸುಗೆ ಹಾಕಿಸಲೇಬೇಡಿ, ಸ್ಪ್ರಿಂಗ್ ಉಕ್ಕು ಬೆಸುಗೆ ಹಾಕಿದ ಜಾಗದಲ್ಲೇ ಮುರಿಯುತ್ತದೆ. ಬಿಲ್ಲಿನ ಹಾಗೆ ಬಾಗಿರಬೇಕಾದ್ದು ಚಪ್ಪಟೆಯಾಗಿದ್ದರೆ ಕಂಪನಿ ಲೆಕ್ಕದ ಹೊಸ ಕಟ್ಟು ಹಾಕಿಸುವುದೇ ಮೇಲು.

ಜೊತೆಗೆ ಬುಷ್‌ಗಳನ್ನೆಲ್ಲ ಬದಲಿಸಿ. ಸಣ್ಣ ರಬ್ಬರ್ ತುಂಡು ಅಂತ ಜನ ಬಿಟ್ಟುಬಿಡುತ್ತಾರೆ. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಟಕಟ ಸದ್ದು ನೆಲದಿಂದಲೇ ಬರುತ್ತದೆ.

ಶಾಕ್ ಅಬ್ಸಾರ್ಬರ್ ಹೊರಮೈ ಮೇಲೆ ಎಣ್ಣೆ ಸುರಿದ ಕಲೆ ಇದೆಯಾ ನೋಡಿ. ಇದ್ದರೆ ಒಳಗಿನ ಸೀಲ್ ಹೋಗಿದೆ. ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಭಾರ ಹೊರುವುದು ಕಮಾನು, ತೂಗಾಟ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಈ ಎರಡನ್ನು ಬೆರೆಸಿಕೊಂಡರೆ ನಮ್ಮ ಹಾಗೆ ದುಡ್ಡು ಎರಡು ಸಲ ಹೋಗುತ್ತದೆ. ಕೆಲಸ ಮುಗಿದು 500 ಕಿ.ಮೀ. ಓಡಿದ ಮೇಲೆ ಕಮಾನನ್ನು ಆಕ್ಸಲ್ಲಿಗೆ ಹಿಡಿದಿರುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸುವುದು ಮರೆಯಬೇಡಿ.

ಗಾಳಿ ಬುಡ್ಡೆಯ ಏರ್ ಸಸ್ಪೆನ್ಶನ್ ಕಿಟ್ ಹಾಕಿಸಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಒಂದು ದಿನ ಖಾಲಿ, ಒಂದು ದಿನ ಫುಲ್ ಲೋಡ್ ಓಡಿಸುವವರಿಗೆ ಅದು ಉಪಯೋಗ, ಭಾರಕ್ಕೆ ತಕ್ಕ ಹಾಗೆ ಗಾಳಿ ಹೊಂದಿಸಬಹುದು. ಆದರೆ ಅದರಿಂದ ಗಾಡಿಯ ಭಾರ ಹೊರುವ ಮಿತಿ ಜಾಸ್ತಿಯಾಗುವುದಿಲ್ಲ. ಮೇಲಿನ ಕೆಲಸಗಳನ್ನು ಮುಗಿಸಿದ ಮೇಲೆ ನಮಗಂತೂ ಅದರ ಅಗತ್ಯ ಬೀಳಲಿಲ್ಲ.

ಹೆಜ್ಜೆ 5: ಹೊಗೆ, ಗಾಳಿ, ಸೆಕೆ

ಹಿಂದೆ ಕೂತವರಿಗೆ ವಾಂತಿ ಬರುವುದಕ್ಕೆ ತಿರುವುಗಳನ್ನು ಬೈಯುತ್ತೇವೆ. ಅರ್ಧ ತಪ್ಪು ಹಿಂದಿನ ಬಾಗಿಲಿನ ರಬ್ಬರಿನದು. ಡಬ್ಬದ ಆಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸೈಲೆನ್ಸರ್ ಹೊಗೆ ಅಲ್ಲೇ ಸುಳಿಯುತ್ತದೆ. ಬಾಗಿಲಿನಲ್ಲಿ ಸಂದು ಇದ್ದರೆ ಅದು ಒಳಗೆ ಬರುತ್ತದೆ. ಪರೀಕ್ಷೆ ಸುಲಭ. ಒಂದು ಕಾಗದದ ಪಟ್ಟಿಯನ್ನು ಬಾಗಿಲ ಅಂಚಿನಲ್ಲಿಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಸತ್ತಿದೆ. ಸುತ್ತಲೂ ಹೀಗೇ ನೋಡಿ. ಹೊಸ ಬೀಡಿಂಗ್ ಹಾಕಿಸಿ, ಸೈಲೆನ್ಸರ್ ಪೈಪು ಎಲ್ಲೂ ತೂತಾಗಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಇದು ಹಿತದ ಮಾತು ಮಾತ್ರ ಅಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಅದಕ್ಕೇ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಲೇಬಾರದು.

ಸೆಕೆಗೆ ಬನ್ನಿ. ಎಸಿ ಗ್ಯಾಸ್ ತುಂಬಿಸುವ ಮೊದಲು ಫಿಲ್ಟರ್ ಬಿಚ್ಚಿ ತೊಳೆಯಿರಿ, ಕಂಡೆನ್ಸರ್ ಮೇಲೆ ಕೂತ ಧೂಳು, ಹುಳು ಎಲ್ಲ ನೀರಲ್ಲಿ ತೊಳೆಸಿ, ಬೆಲ್ಟ್ ಬಿಗಿ ನೋಡಿ. ಎಸಿ ಗಾಳಿ ಸಾಗಿಸುವ ಕೊಳವೆಯ, ಅಂದರೆ ಡಕ್ಟಿನ, ಜೋಡಣೆ ಬಿಟ್ಟಿದ್ದರೆ ತಂಪು ಗಾಳಿ ರೂಫಿನ ಒಳಗೇ ಹೋಗುತ್ತಿರುತ್ತದೆ. ನಮ್ಮ ಕೊನೇ ಸಾಲಿಗೆ ಗಾಳಿ ಬಾರದಿದ್ದಕ್ಕೆ ಅದೇ ಕಾರಣ, ಟೇಪ್ ಸುತ್ತಿದ ಮೇಲೆ ಸರಿಹೋಯಿತು. ತಲೆ ಮೇಲೆ ನೀರು ತೊಟ್ಟಿಕ್ಕಿದರೆ ಡ್ರೇನ್ ಪೈಪ್ ಕಟ್ಟಿಕೊಂಡಿದೆ.

ಎಸಿಯ ಹೊರೆ ಇಳಿಸಬೇಕೆಂದರೆ ರೂಫ್ ಲೈನಿಂಗ್ ಬಿಚ್ಚಿಸಿ ಒಳಗೆ 10 ಮಿ.ಮೀ. ನೈಟ್ರೈಲ್ ಫೋಮ್ ಅಂಟಿಸಿ. ನೀರು ಹೀರದ, ಬೆಂಕಿ ಬೇಗ ಹತ್ತದ ಜಾತಿಯದ್ದೇ ಕೇಳಿ. ಥರ್ಮಾಕೋಲ್ ಬೇಡವೇ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಇದರ ಗುಣ ಕೈ ಮೇಲೆತ್ತಿ ರೂಫ್ ಮುಟ್ಟಿದರೇ ತಿಳಿಯುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಬೇಡಿ, 2012ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ತಿಳಿ ಬಣ್ಣದ ಹತ್ತಿ ಪರದೆ ಸಾಕು, ಡ್ರೈವರಿಗೆ ಕನ್ನಡಿ ಕಾಣುವ ಹಾಗೆ ಇರಲಿ. ತುರ್ತು ಬಾಗಿಲಿನ ಮೇಲೆ ಯಾವ ಪರದೆಯೂ, ಯಾವ ಲಗೇಜೂ ಬೇಡ.

ಹೆಜ್ಜೆ 6: ಸದ್ದು

ಲೈನಿಂಗ್ ಬಿಚ್ಚಿರುವಾಗಲೇ ಈ ಕೆಲಸವೂ ಮುಗಿಯಲಿ. ತಗಡನ್ನು ಬೆರಳಿನಲ್ಲಿ ಬಡಿಯಿರಿ. ತಮಟೆ ಹಾಗೆ ಸದ್ದು ಬಂದ ಕಡೆ ತಗಡಿನ ನಡುಕ ತಡೆಯುವ ಬ್ಯೂಟೈಲ್ ರಬ್ಬರ್ ಶೀಟ್ ಅಂಟಿಸಿ. ತಗಡಿಡೀ ಮುಚ್ಚಬೇಕಿಲ್ಲ. ಪ್ರತಿ ತಗಡಿನ ನಡುಭಾಗದಲ್ಲಿ ಕಾಲು ಭಾಗದಷ್ಟು ಮುಚ್ಚಿದರೆ ಸಾಕು, ಉಳಿದದ್ದು ಸುಮ್ನೆ ಭಾರ. ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಹೊಸದು ಹಾಕಿಸಿದರೆ ಮುಂದಿನ ಎರಡು ಸಾಲಿನವರು ಕೂಗದೆ ಮಾತಾಡಬಹುದು.

ಹೆಜ್ಜೆ 7: ಸೀಟು, ಮೆಟ್ಟಿಲು, ವೈರು

ಈಗ ಸೀಟಿಗೆ ಬರಬಹುದು. ತೀರಾ ಮೆತ್ತನೆ ಸೀಟು ಅರ್ಧ ಗಂಟೆ ಹಿತ, ಮೂರು ಗಂಟೆಗೆ ನೋವು. ಕುಶನ್ ಕೆಲಸದವರಿಗೆ ಸಾಂದ್ರತೆ 40 ಇರುವ ಫೋಮ್ ಕೇಳಿ, ತೊಡೆಯ ಕೆಳಗೆ ಆಸರೆ ಸಿಗುವಷ್ಟು ಉದ್ದ ಇರಲಿ. ರೆಕ್ಸಿನ್ ತೊಳೆಯಲು ಸುಲಭ, ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತದೆ. ನಾವು ರೆಕ್ಸಿನ್ ಮೇಲೆ ಬಿಚ್ಚಿ ಒಗೆಯಬಹುದಾದ ಹತ್ತಿ ಕವರ್ ಹೊಲಿಸಿದೆವು. ಸೀಟನ್ನು ನೆಲಕ್ಕೆ ಹಿಡಿದಿರುವ ಬೋಲ್ಟುಗಳ ಜಾಗ ಬದಲಿಸಬೇಡಿ, ಬೆಲ್ಟುಗಳನ್ನು ಕವರ್ ಒಳಗೆ ಮುಚ್ಚಿಬಿಡಬೇಡಿ.

ವಯಸ್ಸಾದವರಿಗೆ ಸೀಟಿಗಿಂತ ದೊಡ್ಡ ಕಷ್ಟ ಮೆಟ್ಟಿಲು. ಬಾಗಿಲ ಹತ್ತಿರ ಮಡಚುವ ಒಂದು ಮೆಟ್ಟಿಲು, ಅದರ ಮೇಲೆ ಜಾರದ ಚೆಕರ್ಡ್ ಪ್ಲೇಟು, ಅಂಚಿಗೆ ಹಳದಿ ಪಟ್ಟಿ, ಎರಡೂ ಕಡೆ ಗಟ್ಟಿ ಹಿಡಿ, ಮೇಲೊಂದು ಸಣ್ಣ ದೀಪ. ಹೊರಡುವ ಮೊದಲು ಮೆಟ್ಟಿಲು ಮಡಚಿದೆಯಾ ಅಂತ ನೋಡುವುದು ಅಭ್ಯಾಸವಾಗಬೇಕು.

ಮೊಬೈಲ್ ಚಾರ್ಜಿಂಗ್ ಪಾಯಿಂಟ್ ಹಾಕಿಸುವಾಗ ಲೆಕ್ಕ ಮಾಡಿ. 18 ವ್ಯಾಟ್‌ನ 10 ಪಾಯಿಂಟ್ ಅಂದರೆ 180 ವ್ಯಾಟ್. 12 ವೋಲ್ಟ್‌ನಲ್ಲಿ ಅದು 15 ಆಂಪಿಯರ್. ಇಷ್ಟನ್ನು ಹಳೇ ಲೈಟಿನ ವೈರಿಗೆ ಜೋಡಿಸಿದರೆ ವೈರು ಬಿಸಿಯಾಗಿ ಸುಡುತ್ತದೆ. ಬ್ಯಾಟರಿಯಿಂದ ಬೇರೆ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಕೀ ತೆಗೆದರೆ ಆಫ್ ಆಗುವ ರಿಲೇ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಕೈಗೆ ಸಿಗುವ ಕಡೆ ಇರಲಿ.

ಹೆಜ್ಜೆ 8: ಓಡಿಸುವ ಕೈ

ಆ ಅರ್ಧ ನೀರಿನ ಬಾಟಲಿಯನ್ನು ಈಗ ಡ್ಯಾಶ್‌ಬೋರ್ಡ್ ಮೇಲೆ ಇಡಿ. ಬ್ರೇಕ್ ಹಾಕುವಾಗ, ತಿರುವಿನಲ್ಲಿ ನೀರು ಆದಷ್ಟು ಕಡಿಮೆ ಅಲ್ಲಾಡುವ ಹಾಗೆ ಓಡಿಸಿ ಅಭ್ಯಾಸ ಮಾಡಿ. ಹಂಪ್ಸು ಕಂಡ ಕೂಡಲೇ ನಿಧಾನ ಮಾಡಿ, ಚಕ್ರ ಏರುವ ಮೊದಲು ಬ್ರೇಕಿನಿಂದ ಕಾಲು ತೆಗೆಯಿರಿ. ಬ್ರೇಕ್ ಒತ್ತಿಕೊಂಡೇ ಹತ್ತಿಸಿದರೆ ಮುಂಭಾಗ ಕುಸಿದಿರುತ್ತದೆ, ಏಟು ಎರಡರಷ್ಟಾಗುತ್ತದೆ. ಮುಂದಿನ ಚಕ್ರ ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ. ಹಿಂದಿನ ಚಕ್ರ ಇನ್ನೂ ದಾಟಬೇಕು, ಅದರ ಮೇಲೆ ಯಾರದೋ ಅಜ್ಜಿ ಕೂತಿರುತ್ತಾರೆ.

ಹೊರಡುವ ಮೊದಲು ಯಾರು ಎಲ್ಲಿ ಅಂತ ನೀವೇ ಕೂರಿಸಿ. ಸೊಂಟ ನೋವಿನವರು, ಬಸುರಿಯರು, ವಾಂತಿ ಬರುವವರು ಎರಡು ಚಕ್ರಗಳ ನಡುವಿನ ಸಾಲುಗಳಲ್ಲಿ. ಕಟ್ಟುಮಸ್ತು ಹುಡುಗರು ಕೊನೇ ಸಾಲಿನಲ್ಲಿ. ಒಂದೂವರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ, ಎಲ್ಲರೂ ಇಳಿದು ಓಡಾಡಲಿ.

ಕಳೆದ ಕಾರ್ತಿಕದಲ್ಲಿ ಮತ್ತೆ ಬೆಟ್ಟಕ್ಕೆ ಹೋದೆವು. ಅಜ್ಜಿಗೆ ಎರಡನೇ ಸಾಲು ತೋರಿಸಿದೆ. "ಬೇಡ, ಹಿಂದ್ಕೇ ಕುಂತ್ಕತೀನಿ, ಏನ್ ಮಾಡ್ಸಿದೀಯ ನೋಡ್ಮ" ಅಂದರು. ಹನೂರು ದಾಟುವಷ್ಟರಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ತಾಳಬೆಟ್ಟದಲ್ಲಿ ಟೀಗೆ ನಿಲ್ಲಿಸಿದಾಗ ನಾನು ಎಬ್ಬಿಸಲಿಲ್ಲ.